ಕಾಲಿನ್ ಮೆಕೆಂಜಿ: ನಕಾಶೆ ಬರೆಸಿದ ಎಂಜಿನಿಯರ್, ಹೆಸರು ಹೇಳಿದ ನಮ್ಮವರು

ಸರ್ವೆಯಿಂಗ್ ಕ್ಲಾಸಿನಲ್ಲಿ ಇತಿಹಾಸ ಅಂತ ಬಂದರೆ ಎರಡು ಹೆಸರು ಕೇಳ್ತೀವಿ. ಒಂದು ಲ್ಯಾಂಬ್ಟನ್, ಇನ್ನೊಂದು ಎವರೆಸ್ಟ್. ಎವರೆಸ್ಟ್ ಹೆಸರು ಬೆಟ್ಟಕ್ಕೇ ಇಟ್ಟುಬಿಟ್ಟರು, ಹಾಗಾಗಿ ಮರೆಯೋ ಹಾಗೇ ಇಲ್ಲ. ಆದರೆ ಇಡೀ ಭಾರತಕ್ಕೆ ಮೊದಲ ಸರ್ವೇಯರ್ ಜನರಲ್ ಆದವನು, ಕನ್ನಡ ನಾಡಿನ ಹಳ್ಳಿ, ಕೆರೆ, ಗಡಿಗಳನ್ನು ಎಂಟು-ಒಂಬತ್ತು ವರ್ಷ ಕೂತು ನಕಾಶೆಗೆ ಇಳಿಸಿದವನು ಬೇರೆ ಒಬ್ಬ. ಅವನು ಕಾಲಿನ್ ಮೆಕೆಂಜಿ. ಕನ್ನಡ ಎಂ.ಎ. ಓದೋರಿಗೆ ಈ ಹೆಸರು ಗೊತ್ತು, ಯಾಕಂದ್ರೆ ಕೈಫಿಯತ್ತು ಅಂದ್ರೆ ಮೆಕೆಂಜಿ. ಸಿವಿಲ್ ಓದೋ ನಮಗೆ ಮಾತ್ರ ಗೊತ್ತಿರಲ್ಲ. ಇದು ಸ್ವಲ್ಪ ತಮಾಷೆಯೇ ಸರಿ, ಆತ ವೃತ್ತಿಯಲ್ಲಿ ನಮ್ಮ ಪೈಕಿಯವನು.

ಮೆಕೆಂಜಿ ಹುಟ್ಟಿದ್ದು 1754ರಲ್ಲಿ, ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟೊರ್ನೊವೇ ಎಂಬ ಊರಲ್ಲಿ. ಅಲ್ಲಿ ಸುಂಕದ ಕಚೇರಿಯಲ್ಲಿ ಕೆಲಸಕ್ಕಿದ್ದ. ಭಾರತಕ್ಕೆ ಬಂದಿದ್ದು 1783ರಲ್ಲಿ, ಮದ್ರಾಸಿಗೆ. ಆಗ ಅವನಿಗೆ ಮೂವತ್ತರ ಹತ್ತಿರ ವಯಸ್ಸು. ಸೈನ್ಯದಲ್ಲಿ ಕೆಡೆಟ್ ಆಗಿ ಸೇರೋರು ಸಾಮಾನ್ಯವಾಗಿ ಹದಿನಾರು ಹದಿನೇಳರ ಹುಡುಗರು, ಅವರ ಮಧ್ಯೆ ಈತ ದೊಡ್ಡಣ್ಣ. ಆತನನ್ನು ಇತ್ತ ಎಳೆದದ್ದು ಗಣಿತ. ಲಾಗರಿದಮ್ ಕಂಡುಹಿಡಿದ ಜಾನ್ ನೇಪಿಯರ್ ಇದ್ದನಲ್ಲ, ಅವನ ವಂಶದವರೊಬ್ಬರು ನೇಪಿಯರನ ಜೀವನಚರಿತ್ರೆ ಬರೆಯಬೇಕು ಅಂತಿದ್ದರು. ಹಿಂದೂ ಗಣಿತದಲ್ಲಿ ಇದರ ಬಗ್ಗೆ ಏನಿದೆ ಅಂತ ಹುಡುಕುವ ಕೆಲಸದಲ್ಲಿ ಮೆಕೆಂಜಿ ಸಿಕ್ಕಿಕೊಂಡ. ಮದ್ರಾಸಿಗೆ ಬಂದ ಮೇಲೆ ಮಧುರೆಗೆ ಹೋಗಿ ಅಲ್ಲಿನ ಪಂಡಿತರ ಜೊತೆ ಕೂತ. 1786ರಲ್ಲಿ ಪದಾತಿ ದಳದಿಂದ ಎಂಜಿನಿಯರ್ ದಳಕ್ಕೆ ಬಂದ.

ಅವತ್ತಿನ ಸೈನ್ಯದ ಎಂಜಿನಿಯರ್ ಅಂದ್ರೆ ಏನು ಕೆಲಸ? ಕೋಟೆ ಕಟ್ಟೋದು, ಕೋಟೆ ಒಡೆಯೋದು, ದಾರಿ ಹುಡುಕೋದು. ತೋಪುಗಳನ್ನು ಎಲ್ಲಿ ನಿಲ್ಲಿಸಿದರೆ ಗೋಡೆ ಬೀಳುತ್ತೆ, ಎತ್ತಿನ ಗಾಡಿಗಳು ಯಾವ ಹಳ್ಳದಲ್ಲಿ ದಾಟುತ್ತವೆ, ಮುಂದಿನ ಮುಕ್ಕಾಮಿನಲ್ಲಿ ಹತ್ತು ಸಾವಿರ ಜನಕ್ಕೆ ನೀರು ಸಿಗುತ್ತಾ, ಇಂಥವು. ನಕಾಶೆ ಹುಟ್ಟಿದ್ದೇ ಈ ಲೆಕ್ಕಾಚಾರದಿಂದ. ಟಿಪ್ಪುವಿನ ಮೇಲಿನ 1790-92ರ ಯುದ್ಧದಲ್ಲಿ ಮೆಕೆಂಜಿ ನಂದಿದುರ್ಗದ ಮುತ್ತಿಗೆಯಲ್ಲಿದ್ದ, ಶ್ರೀರಂಗಪಟ್ಟಣದ ಎದುರೂ ಇದ್ದ. ಆ ಯುದ್ಧ ಮುಗಿದ ಮೇಲೆ ಕಾರ್ನ್‌ವಾಲಿಸ್ ಅವನನ್ನು ಕಳಿಸಿದ್ದು ನಿಜಾಮನ ಸೀಮೆಗೆ. ಅಂದ್ರೆ ನಮ್ಮ ಕಡೆಗೆ.

ರಾಯಚೂರು, ಮಾನ್ವಿ, ದೇವದುರ್ಗ, ಅಂದ್ರೆ ಕೃಷ್ಣಾ-ತುಂಗಭದ್ರಾ ನಡುವಿನ ಈ ದೋಆಬ್ ಆಗ ನಿಜಾಮನ ಕೈಯಲ್ಲಿತ್ತು. ಕಾಲ ನೆನಪಿಟ್ಟುಕೊಳ್ಳೋಕೆ ಒಂದು ಗುರುತು ಹೇಳ್ತೀನಿ: ಹರಿಕಥಾಮೃತಸಾರ ಬರೆದ ಮಾನ್ವಿಯ ಜಗನ್ನಾಥದಾಸರು 1728ರಿಂದ 1809ರವರೆಗೆ ಬದುಕಿದ್ದವರು. ಅವರು ಮಾನ್ವಿಯಲ್ಲಿ ಇಳಿವಯಸ್ಸಿನಲ್ಲಿದ್ದ ಕಾಲಕ್ಕೇ ಈ ಕೆಲಸವೆಲ್ಲ ನಡೆದದ್ದು.

ನಿಜಾಮನ ಸೀಮೆಯ ಸರ್ವೆ ಸುಲಭದ್ದಾಗಿರಲಿಲ್ಲ. ಯಾವ ದೊರೆಗೆ ಬೇಕು, ತನ್ನ ಘಾಟು, ಕೋಟೆ, ಬಾವಿಗಳ ಲೆಕ್ಕ ಪರದೇಶಿ ಸೈನ್ಯದವನ ಪುಸ್ತಕದಲ್ಲಿ ಇರೋದು? ಅಧಿಕಾರಿಗಳು ಅನುಮಾನದಿಂದಲೇ ನೋಡಿದರು. ಅದರ ಮೇಲೆ ಕಂಪನಿಯವರೂ ಆತನನ್ನು ಒಂದೇ ಕಡೆ ಇರೋಕೆ ಬಿಡಲಿಲ್ಲ. 1793ರಲ್ಲಿ ಪಾಂಡಿಚೇರಿಗೆ ಕರೆದರು, 1795-96ರಲ್ಲಿ ಸಿಲೋನಿಗೆ ಕಳಿಸಿದರು. ಇದರ ಮಧ್ಯದಲ್ಲೇ 1796ರಲ್ಲಿ ನಿಜಾಮನ ರಾಜ್ಯದ ಒಂದು ಒಟ್ಟು ನಕಾಶೆಯನ್ನು ಸರ್ಕಾರಕ್ಕೆ ಒಪ್ಪಿಸಿದ. ಅದು ಪೂರ್ತಿ ಅಳೆದು ಮಾಡಿದ್ದಲ್ಲ. ಕೆಲವು ಅಳತೆ, ಕೆಲವು ದಾರಿಯ ಟಿಪ್ಪಣಿ, ಕೆಲವು ದಫ್ತರದ ಕಾಗದ, ಹೀಗೆ ಸಿಕ್ಕದ್ದನ್ನೆಲ್ಲ ಜೋಡಿಸಿದ್ದು. ದಖ್ಖನ್ನಿನ ಹಳೇ ಕಂದಾಯ ದಫ್ತರಗಳನ್ನು ನೋಡುವಾಗಲೇ ಆತನಿಗೆ ಒಂದು ವಿಷಯ ಹೊಳೆದಿರಬೇಕು ಅಂತ ನನಗನಿಸುತ್ತೆ. ಕೋನ, ಉದ್ದ ಅಳೆದರೆ ಜಾಗ ಸಿಗುತ್ತೆ, ಆದರೆ ಆ ಜಾಗ ಯಾವ ಊರಿಗೆ ಸೇರಿದ್ದು, ಅದರ ಹೆಸರೇನು, ಎಲ್ಲೆ ಎಲ್ಲಿದೆ ಅನ್ನೋದು ಥಿಯೋಡೊಲೈಟಿನ ಕನ್ನಡಿಯಲ್ಲಿ ಕಾಣಲ್ಲ. ಅದನ್ನು ಯಾರೋ ಹೇಳಬೇಕು.

ಹೇಳುವವರು ಸಿಕ್ಕಿದ್ದೂ 1796ರಲ್ಲೇ. ಏಲೂರಿನ ಕಡೆಯ ಕಾವಲಿ ವೆಂಕಟ ಬೊರ್ರಯ್ಯ ಎಂಬ ಇಪ್ಪತ್ತರ ಆಸುಪಾಸಿನ ಹುಡುಗ ಅವನ ಬಳಿ ಕೆಲಸಕ್ಕೆ ಸೇರಿದ. ಮುಂದೆ ತಮ್ಮಂದಿರಾದ ಲಕ್ಷ್ಮಯ್ಯ, ರಾಮಸ್ವಾಮಿ ಕೂಡ ಬಂದರು. ಮೆಕೆಂಜಿಗೆ ಕನ್ನಡ, ತೆಲುಗು, ತಮಿಳು, ಸಂಸ್ಕೃತ ಯಾವುದೂ ಓದೋಕೆ ಬರುತ್ತಿರಲಿಲ್ಲ. ಇದನ್ನು ಆತನೇ ಮುಂದೆ ಒಂದು ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ, ಮತ್ತು ಈ ದೇಶದ ವಿದ್ಯೆಯ ಬಾಗಿಲು ತನಗೆ ತೆರೆದದ್ದು ಬೊರ್ರಯ್ಯನಿಂದ ಅಂತ ಬರೆದಿದ್ದಾನೆ.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಅದೇ ವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿ ಮೈಸೂರು ಸರ್ವೆಗೆ ಆದೇಶ ಕೊಟ್ಟ, ಮುಖ್ಯಸ್ಥ ಮೆಕೆಂಜಿ. ಹಂಪಿಯ ಮೊದಲ ನಕಾಶೆ ಆತ ಮಾಡಿಸಿದ್ದೂ ಇದೇ 1799ರಲ್ಲಿ. ರಾಯಚೂರಿನಿಂದ ಹಂಪಿಗೆ ಟ್ರಿಪ್ ಹೋದಾಗ ಗೈಡ್ ಹೇಳದೆ ಬಿಡೋ ವಿಷಯ ಇದು.

ಈಗ ಸ್ವಲ್ಪ ಪಾಠ. ಮೈಸೂರು ಸರ್ವೆ ಹೇಗೆ ನಡೀತು?

ಟ್ರಯಾಂಗ್ಯುಲೇಷನ್ ಅಂದ್ರೆ ಒಂದೇ ಒಂದು ಉದ್ದವನ್ನು ಬಹಳ ಜೋಪಾನವಾಗಿ ಅಳೆದು, ಉಳಿದದ್ದನ್ನೆಲ್ಲ ಬರೀ ಕೋನಗಳಿಂದ ಗಿಟ್ಟಿಸಿಕೊಳ್ಳೋದು. ನಮ್ಮೂರಲ್ಲೇ ಲೆಕ್ಕ ಹಾಕೋಣ. ರಾಯಚೂರು ಕೋಟೆಯ ಗುಡ್ಡದ ತುದಿಯನ್ನು ಸಿ ಅನ್ನಿ. ಊರ ಹೊರಗಿನ ಸಮತಟ್ಟು ಎರೆಹೊಲದಲ್ಲಿ ಎ, ಬಿ ಅಂತ ಎರಡು ಗೂಟ ಹೊಡೆದು ಚೈನಿನಿಂದ ಅಳೆದಿರಿ, 2000 ಮೀಟರ್ ಬಂತು ಅಂದುಕೊಳ್ಳಿ. ಎ ಹತ್ತಿರ ನಿಂತು ಬಿ ಮತ್ತು ಸಿ ನಡುವಿನ ಕೋನ ನೋಡಿದರೆ 62 ಡಿಗ್ರಿ. ಬಿ ಹತ್ತಿರ ನಿಂತು ನೋಡಿದರೆ 71 ಡಿಗ್ರಿ. ಹಾಗಾದರೆ ಸಿ ಹತ್ತಿರದ ಕೋನ 47. ಸೈನ್ ನಿಯಮ ಹಾಕಿ: ಎ ಇಂದ ಸಿ ಗೆ ದೂರ ಅಂದ್ರೆ 2000 ಗುಣಿಸು ಸೈನ್ 71, ಭಾಗಿಸು ಸೈನ್ 47. ಉತ್ತರ ಸುಮಾರು 2586 ಮೀಟರ್. ಬಿ ಇಂದ ಸಿ ಗೆ ಸುಮಾರು 2415. ಗುಡ್ಡ ಹತ್ತದೆ, ಮಧ್ಯದ ಮನೆ, ಮುಳ್ಳುಜಾಲಿ, ಹಳ್ಳ ಯಾವುದನ್ನೂ ದಾಟದೆ ಎರಡು ದೂರ ಸಿಕ್ಕವು. ಈಗ ಎಸಿ ಗೆರೆಯನ್ನೇ ಹೊಸ ಬೇಸ್‌ಲೈನ್ ಮಾಡಿಕೊಂಡು ಮುಂದಿನ ಗುಡ್ಡಕ್ಕೆ ಹೋಗಬಹುದು. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಈ ಗುಣಾಕಾರ, ಭಾಗಾಕಾರವನ್ನು ಕೂಡೋದು, ಕಳೆಯೋದಕ್ಕೆ ಇಳಿಸಿದ್ದು ಲಾಗರಿದಮ್ ಪಟ್ಟಿ. ಮೆಕೆಂಜಿಯನ್ನು ಭಾರತಕ್ಕೆ ತಂದ ನೇಪಿಯರನೇ ಆತನ ಜೊತೆ ಹೊಲದಲ್ಲೂ ಇದ್ದ ಅನ್ನಬಹುದು.

ಆದರೆ ತಪ್ಪು ಬೆಳೆಯುತ್ತೆ. ಕೋನದಲ್ಲಿ ಒಂದೇ ಒಂದು ಮಿನಿಟ್, ಅಂದ್ರೆ ಡಿಗ್ರಿಯ 60ನೇ ಒಂದು ಭಾಗ, ತಪ್ಪಿದರೂ 2586 ಮೀಟರ್ ದೂರಕ್ಕೆ ಮುಕ್ಕಾಲು ಮೀಟರ್ ಪಕ್ಕಕ್ಕೆ ಹೋಗ್ತೀವಿ. ತ್ರಿಕೋನದ ಮೇಲೆ ತ್ರಿಕೋನ ಪೋಣಿಸುತ್ತಾ ಹೋದರೆ ಆ ಮುಕ್ಕಾಲು ಮೀಟರ್ ಎಲ್ಲಿಗೆ ಹೋಗಿ ನಿಲ್ಲುತ್ತೆ ನೋಡ್ರಿ. ಅದಕ್ಕೇ ಅಲ್ಲಲ್ಲಿ ಮತ್ತೊಂದು ಬೇಸ್‌ಲೈನ್ ಅಳೆದು ತಾಳೆ ನೋಡೋದು. ಇದೇ ಹೊತ್ತಲ್ಲಿ, 1800ರಲ್ಲಿ, ಬೆಂಗಳೂರಿನ ಹತ್ತಿರ ಲ್ಯಾಂಬ್ಟನ್ ಕೂಡ ಬೇಸ್‌ಲೈನ್ ಅಳೆಯುತ್ತಿದ್ದ. ಅವನ ಗುರಿ ಬೇರೆ, ಭೂಮಿಯ ಆಕಾರ ಎಷ್ಟು ಚಪ್ಪಟೆ ಅನ್ನೋದು. ಊರು, ಹಳ್ಳ ಅವನಿಗೆ ಮುಖ್ಯ ಅಲ್ಲ, ಗುಡ್ಡದ ತುದಿ ಮುಖ್ಯ. ಮೆಕೆಂಜಿಗೆ ಗುಡ್ಡದ ಕೆಳಗಿನದ್ದೆಲ್ಲ ಬೇಕಿತ್ತು.

ತ್ರಿಕೋನಗಳ ಒಳಗನ್ನು ತುಂಬಿಸಿದ್ದು ಪ್ಲೇನ್ ಟೇಬಲ್. ಹಲಗೆ ಮೇಲೆ ಕಾಗದ ಅಂಟಿಸಿ, ಹೊಲದಲ್ಲೇ ನಿಂತು ಕಂಡದ್ದನ್ನು ಕಂಡ ಹಾಗೆ ಗೆರೆ ಎಳೆಯೋದು. ನಮ್ಮ ಲ್ಯಾಬಿನ ಮೂಲೆಯಲ್ಲಿ ಧೂಳು ಹಿಡಿದು ನಿಂತಿರುತ್ತಲ್ಲ, ಅದೇ. ಈ ಕೆಲಸ ಮಾಡಿದವರಲ್ಲಿ ಬಹಳ ಜನ ಹದಿಹರೆಯದ ಹುಡುಗರು. 1794ರಲ್ಲಿ ಮೈಕೇಲ್ ಟಾಪಿಂಗ್ ಅನ್ನೋನು ಮದ್ರಾಸಿನಲ್ಲಿ ಎಂಟು ಹುಡುಗರನ್ನು ಇಟ್ಟುಕೊಂಡು ಒಂದು ಸರ್ವೆ ಶಾಲೆ ತೆರೆದಿದ್ದ. ಅಲ್ಲಿಗೆ ಬರ್ತಿದ್ದವರು ಮುಖ್ಯವಾಗಿ ಅನಾಥಾಲಯದ ಮಕ್ಕಳು. ಆ ಶಾಲೆಯೇ ಬೆಳೆದು ಇವತ್ತಿನ ಗಿಂಡಿ ಎಂಜಿನಿಯರಿಂಗ್ ಕಾಲೇಜು ಆಗಿದೆ. ನಮ್ಮ ವಯಸ್ಸಿಗಿಂತ ಚಿಕ್ಕ ಹುಡುಗರು ಮೈಸೂರು ಸೀಮೆಯ ಕಾಡು, ಜ್ವರ, ಮಳೆಯಲ್ಲಿ ಹಲಗೆ ಹೊತ್ತು ತಿರುಗಿದರು. ಸುಮಾರು 40,000 ಚದರ ಮೈಲಿ ಅಳೆದದ್ದು ಅವರ ಕಾಲು. ಒಂದು ಲಕ್ಷ ಚದರ ಕಿಲೋಮೀಟರ್ ಮೀರುತ್ತೆ, ಈಗಿನ ಕರ್ನಾಟಕದ ವಿಸ್ತೀರ್ಣದ ಅರ್ಧಕ್ಕಿಂತ ಜಾಸ್ತಿ.

ಈ ಸರ್ವೆಯಿಂದ ಹೊರಬಿದ್ದ ಇನ್ನೊಂದು ಕಥೆ ಎಲ್ಲರಿಗೂ ಇಷ್ಟ ಆಗುತ್ತೆ. ಮೆಕೆಂಜಿಯ ಸಹಾಯಕ ಲೆಫ್ಟಿನೆಂಟ್ ಜಾನ್ ವಾರೆನ್ 1802ರಲ್ಲಿ ಪೂರ್ವದ ಗಡಿ ಅಳೆಯುತ್ತಾ ಕೋಲಾರದ ಕಡೆ ಹೋಗಿದ್ದ. ಅಲ್ಲಿನ ಮಣ್ಣಲ್ಲಿ ಬಂಗಾರ ಇದೆ ಅನ್ನೋ ಮಾತು ಕಿವಿಗೆ ಬಿತ್ತು. ತೋರಿಸಿದವರಿಗೆ ಇನಾಮು ಕೊಡ್ತೀನಿ ಅಂದ. ಊರಿನವರು ಗಾಡಿಯಲ್ಲಿ ಮಣ್ಣು ತಂದು ಅವನ ಕಣ್ಣೆದುರೇ ತೊಳೆದು ಬಂಗಾರದ ಕಣ ತೋರಿಸಿದರು. ಪುಸ್ತಕಗಳಲ್ಲಿ ವಾರೆನ್ ಕಂಡುಹಿಡಿದ ಅಂತ ಇರುತ್ತೆ. ಅವರು ಎಷ್ಟೋ ತಲೆಮಾರಿನಿಂದ ತೊಳೆಯುತ್ತಿದ್ದ ಮಣ್ಣು ಅದು.

ಇಲ್ಲಿಂದ ಕೈಫಿಯತ್ತಿಗೆ ಬರಬೇಕು, ಮೆಕೆಂಜಿಯನ್ನು ಬೇರೆ ಸರ್ವೇಯರುಗಳಿಂದ ಬೇರೆ ಮಾಡೋದು ಇದೇ. ಆತ ತನ್ನ ಸಹಾಯಕರನ್ನು ಊರೂರಿಗೆ ಕಳಿಸುತ್ತಿದ್ದ, ಕೈಗೆ ಪ್ರಶ್ನೆಗಳ ಪಟ್ಟಿ ಕೊಟ್ಟು. ಈ ಊರು ಕಟ್ಟಿದವರು ಯಾರು? ಯಾವ ಅರಸರು ಆಳಿದರು? ಕೆರೆ ಯಾರದು, ಇನಾಮು ಯಾವುದು, ಗುಡಿಗೆ ಬಿಟ್ಟ ಭೂಮಿ ಎಷ್ಟು, ತೂಕ ಅಳತೆ ಏನು, ಸುಂಕ ಎಷ್ಟು? ಉತ್ತರ ಕೊಡ್ತಿದ್ದವರು ಶಾನುಭೋಗರು, ಗೌಡರು, ಪೂಜಾರಿಗಳು, ಮಠದವರು. ಶಾನುಭೋಗರ ಹತ್ತಿರ ಕಡತಗಳಿದ್ದವು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು ಕಪ್ಪು ಮಾಡಿ, ಮಡಚಿ, ಬಳಪದಲ್ಲಿ ಬರೆಯುವ ಪುಸ್ತಕ ಅದು. ಇವತ್ತು ಸರ್ಕಾರಿ ಆಫೀಸಲ್ಲಿ ಫೈಲಿಗೆ ಕಡತ ಅಂತೀವಲ್ಲ, ಶಬ್ದ ಅಲ್ಲಿಂದಲೇ ಬಂದದ್ದು. ಹೀಗೆ ಬರೆಸಿಕೊಂಡ ಊರಿನ ವೃತ್ತಾಂತವೇ ಕೈಫಿಯತ್ತು. ಕನ್ನಡದವನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ದೊಡ್ಡ ಸಂಪುಟವಾಗಿ ತಂದಿದೆ.

ಓದುವಾಗ ಒಂದು ಎಚ್ಚರ ಬೇಕು. ಕೈಫಿಯತ್ತು ಹೇಳುವವನಿಗೆ ಎದುರಿಗೆ ಕೂತವನು ಹೊಸ ಸರ್ಕಾರದ ಕಡೆಯವನು ಅಂತ ಗೊತ್ತು. ಇನಾಮು ಭೂಮಿ ಉಳಿಯುತ್ತೋ ಹೋಗುತ್ತೋ ಅನ್ನೋ ಭಯ ಇದ್ದೇ ಇರುತ್ತೆ. ಹಾಗಾಗಿ ಅದರಲ್ಲಿ ಚರಿತ್ರೆಯೂ ಇದೆ, ಅರ್ಜಿಯೂ ಇದೆ.

ಅಳೆಯೋರನ್ನು ಕಂಡರೆ ಈ ಭಯ ಈಗಲೂ ಹೋಗಿಲ್ಲ. ನಮ್ಮ ಸರ್ವೆ ಕ್ಯಾಂಪ್ ದೇವದುರ್ಗದ ಕಡೆ ಇದ್ದಾಗ ಟೋಟಲ್ ಸ್ಟೇಷನ್ ನಿಲ್ಲಿಸಿ ಐದು ನಿಮಿಷ ಆಗಿರಲಿಲ್ಲ, ಒಬ್ಬ ಅಜ್ಜ ಬಂದ.

“ಏನಪಾ ತಮ್ಮಾ, ಏನ್ ಅಳಿಯಾಕತ್ತೀರಿ? ನಮ್ಮ ಹೊಲದಾಗ ಕೆನಾಲ್ ಬರ್ತೈತೇನು?”

“ಇಲ್ರೀ ಅಜ್ಜಾರ, ನಾವು ಕಾಲೇಜಿನವ್ರು. ಸುಮ್ನ ಕಲ್ಯಾಕ ಬಂದೀವಿ.”

“ಸುಮ್ನ ಯಾರರ ಹೊಲ ಅಳಿತಾರೇನು?”

ನಾವು ನಕ್ಕೆವು. ಆದರೆ ಪ್ರಶ್ನೆ ನಗುವಂಥದ್ದಲ್ಲ. ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ ಬಂದಿದೆ, ಮಾನ್ವಿಗೆ ತುಂಗಭದ್ರಾ ಎಡದಂಡೆ ಕಾಲುವೆ. ನಕಾಶೆಯ ಮೇಲಿನ ಒಂದು ಗೆರೆ ಒಬ್ಬನಿಗೆ ನೀರು, ಇನ್ನೊಬ್ಬನಿಗೆ ಹೊಲ ಹೋದದ್ದು. ಮಾನ್ವಿ, ರಾಯಚೂರು ಕಡೆಯ ಕೊನೆಭಾಗದ ರೈತರಿಗೆ ಗೆರೆ ಇದ್ದರೂ ನೀರು ಬರಲ್ಲ, ಪ್ರತಿ ವರ್ಷದ ಗೋಳು. ಅಜ್ಜನಿಗೆ ನಂಬಿಕೆ ಬಂದ ಮೇಲೆ ಆತನೇ ನಮ್ಮ ಜೊತೆ ಅರ್ಧ ದಿನ ತಿರುಗಿದ. ನಮ್ಮ ಶೀಟಿನಲ್ಲಿ ಬರೀ ‘ನಾಲಾ’ ಅಂತಿದ್ದ ಒಂದೇ ಹಳ್ಳಕ್ಕೆ ಮೇಲಿನ ತುದಿಯಲ್ಲಿ ಒಂದು ಹೆಸರು, ಊರ ಹತ್ತಿರ ಇನ್ನೊಂದು. ಮಸಾರಿ ಎಲ್ಲಿ ಮುಗಿದು ಎರೆ ಎಲ್ಲಿ ಶುರು ಅನ್ನೋದನ್ನೂ ಕಾಲಲ್ಲೇ ತೋರಿಸಿದ. ಇದಕ್ಕೆಲ್ಲ ರಿಪೋರ್ಟಿನಲ್ಲಿ ಕಾಲಂ ಇರಲಿಲ್ಲ. ನಮ್ಮ ಬ್ಯಾಚಿನ ಹುಡುಗಿಯರು ಫೀಲ್ಡ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡರು.

ಮೆಕೆಂಜಿಯ ಫೀಲ್ಡ್‌ಬುಕ್ಕಿನಲ್ಲಿ ಈ ಹಿಂದಿನ ಹಾಳೆಗಳೇ ದೊಡ್ಡವಾದವು. 1804ರಲ್ಲಿ ಚಾಮರಾಜನಗರದ ಕಡೆಯ ಮಲೆಯೂರಿಗೆ, ಅಂದ್ರೆ ಕನಕಗಿರಿಗೆ, ಆತ ಬಂದಾಗ ದೇವಚಂದ್ರನ ಭೇಟಿಯಾಯಿತು. ಜೈನ ಚರಿತ್ರೆ ಕೇಳಿದ. ಆ ಕೇಳಿಕೆಯಿಂದ ಬೆಳೆದದ್ದೇ ಕನ್ನಡದ ‘ರಾಜಾವಳಿ ಕಥೆ’. ಅದೇ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಹಳಗನ್ನಡ ಶಾಸನ ಓದಿಕೊಡೋಕೆ ಸೇರಿಕೊಂಡ. ಬೊರ್ರಯ್ಯ ಮಾತ್ರ ಅಷ್ಟರಲ್ಲಿ ಇರಲಿಲ್ಲ. 1803ರಲ್ಲೇ, ಮೂವತ್ತು ತುಂಬುವ ಮೊದಲೇ ತೀರಿಕೊಂಡಿದ್ದ. ಕೆಲಸದ ಭಾರ ತಮ್ಮ ಲಕ್ಷ್ಮಯ್ಯನ ಮೇಲೆ ಬಿತ್ತು.

ಮುಂದಿನ ಬಡ್ತಿಗಳನ್ನು ಬೇಗ ಹೇಳಿ ಮುಗಿಸ್ತೀನಿ. 1810ರಲ್ಲಿ ಮದ್ರಾಸಿನ ಸರ್ವೇಯರ್ ಜನರಲ್. 1811ರಿಂದ ಎರಡು ವರ್ಷ ಜಾವಾ ಯುದ್ಧ, ಅಲ್ಲೇ ಮದುವೆ. 1815ರಲ್ಲಿ ಇಡೀ ಭಾರತದ ಸರ್ವೇಯರ್ ಜನರಲ್, ಆ ಹುದ್ದೆಗೆ ಮೊದಲಿಗ. ನಮ್ಮ ದೋಆಬಿನ ವಿಷಯ ಏನಾಯ್ತು ಅಂದ್ರೆ, 1800ರಲ್ಲಿ ನಿಜಾಮ ತುಂಗಭದ್ರೆಯ ದಕ್ಷಿಣದ ಬಳ್ಳಾರಿ, ಕಡಪ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಆ ದತ್ತಮಂಡಲದ ಸರ್ವೆಯೂ ಮೆಕೆಂಜಿಯ ಕೈಕೆಳಗೇ 1809ರ ನಂತರ ನಡೀತು. ಹೊಳೆಯ ಆಚೆ ದಂಡೆ ತನಕ ಹಳ್ಳಿ ಹಳ್ಳಿ ನಕಾಶೆಗೆ ಬಂತು, ಈಚೆ ದಂಡೆಯ ಮಾನ್ವಿ, ರಾಯಚೂರು ಕಾಯಬೇಕಾಯ್ತು. ಲೆಫ್ಟಿನೆಂಟ್ ಜೇಮ್ಸ್ ಗಾರ್ಲಿಂಗ್ ಹೈದರಾಬಾದ್ ಸರ್ವೆ ಶುರು ಮಾಡಿದ್ದು 1816ರಲ್ಲಿ. ನಮ್ಮ ಸೀಮೆಯ ಕೈಫಿಯತ್ತು ಮೈಸೂರು, ಬಳ್ಳಾರಿಯಷ್ಟು ಸಿಗದೇ ಇರೋದಕ್ಕೆ ಈ ಹೊಳೆ, ಈ ಗಡಿ ಒಂದು ಕಾರಣ ಅಂತ ನನ್ನ ಎಣಿಕೆ.

ಆದರೂ ನಮ್ಮಲ್ಲಿ ಅದಕ್ಕಿಂತ ಹಳೆಯ ಒಂದು ಎಂಜಿನಿಯರಿಂಗ್ ರಿಪೋರ್ಟ್ ಇದೆ. ರಾಯಚೂರು ಕೋಟೆಯ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ 1294ರ ಶಾಸನ. ಗೋರೆ ಗಂಗಯ್ಯ ರೆಡ್ಡಿಯ ಕಡೆಯ ವಿಠಲ ಎಂಬವನು ಕೋಟೆ ಕಟ್ಟಿಸಿದ್ದನ್ನು ಹೇಳುತ್ತೆ. ಪಕ್ಕದಲ್ಲೇ ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ಎಳೆದು ತರುವ ಚಿತ್ರವನ್ನೂ ಕೆತ್ತಿದ್ದಾರೆ. ಕಟ್ಟಿಸಿದವನ ಹೆಸರು ಶಾಸನದಲ್ಲಿದೆ, ಎಳೆದವರು ಚಿತ್ರದಲ್ಲಿ ಮಾತ್ರ ಇದ್ದಾರೆ.

ಮೆಕೆಂಜಿಯದೂ ಒಂದು ಚಿತ್ರ ಇದೆ. ಥಾಮಸ್ ಹಿಕ್ಕಿ 1816ರಲ್ಲಿ ಬರೆದದ್ದು. ಕೆಂಪು ಕೋಟಿನ ಮೆಕೆಂಜಿ ನಡುವೆ, ಸುತ್ತ ಮೂವರು ಭಾರತೀಯ ಸಹಾಯಕರು. ಒಬ್ಬರ ಕೈಯಲ್ಲಿ ದುರ್ಬೀನು, ಇನ್ನೊಬ್ಬರ ಕೈಯಲ್ಲಿ ತಾಳೆಗರಿ. ದೂರದ ಗುಡ್ಡದ ಮೇಲೆ ಗೊಮ್ಮಟ. ಆ ಕಾಲದ ಎಷ್ಟು ಅಧಿಕಾರಿಗಳು ತಮ್ಮ ಚಿತ್ರದಲ್ಲಿ ಸಹಾಯಕರಿಗೆ ಇಷ್ಟು ಜಾಗ ಕೊಟ್ಟರು? ಅಷ್ಟರ ಮಟ್ಟಿಗೆ ಆತನನ್ನು ಮೆಚ್ಚಲೇಬೇಕು. ಹಾಗಂತ ಆತ ಯಾರ ಕೆಲಸಕ್ಕೆ ಬಂದವನು ಅನ್ನೋದನ್ನು ಮರೆಯೋದೂ ಬೇಡ. ಗೆದ್ದ ರಾಜ್ಯದಲ್ಲಿ ಏನೇನಿದೆ ಅಂತ ಕಂಪನಿಗೆ ಲೆಕ್ಕ ಬೇಕಿತ್ತು, ಆತ ಲೆಕ್ಕ ಕೊಟ್ಟ.

1821ರ ಮೇ 8ರಂದು ಕಲ್ಕತ್ತೆಯ ಹತ್ತಿರ ಮೆಕೆಂಜಿ ತೀರಿಕೊಂಡ. ಆತ ಕೂಡಿಟ್ಟದ್ದನ್ನು ಸರ್ಕಾರ 10,000 ಪೌಂಡ್ ಕೊಟ್ಟು ಹೆಂಡತಿಯಿಂದ ಕೊಂಡುಕೊಂಡಿತು. ಎಚ್.ಎಚ್. ವಿಲ್ಸನ್ 1828ರಲ್ಲಿ ಪಟ್ಟಿ ಮಾಡಿದಾಗ ಸಿಕ್ಕಿದ್ದು 1,568 ಗ್ರಂಥಗಳು, 2,070 ಸ್ಥಳೀಯ ವೃತ್ತಾಂತಗಳು, 8,076 ಶಾಸನಗಳ ಪ್ರತಿ, 2,630 ಚಿತ್ರಗಳು, 6,218 ನಾಣ್ಯಗಳು. ಇವುಗಳ ದೊಡ್ಡ ಪಾಲು ಈಗ ಚೆನ್ನೈ ಮತ್ತು ಲಂಡನ್ನಿನಲ್ಲಿದೆ.

ಲಕ್ಷ್ಮಯ್ಯ ಸುಮ್ಮನೆ ಕೂರಲಿಲ್ಲ. ಇಷ್ಟು ವರ್ಷ ತಾವೇ ಊರೂರು ತಿರುಗಿ ತಂದದ್ದನ್ನು ಮುಂದುವರೆಸೋಕೆ ತನಗೇ ಅವಕಾಶ ಕೊಡಿ ಅಂತ ಕೇಳಿಕೊಂಡ. 1830ರ ದಶಕದಲ್ಲಿ ಆ ಅರ್ಜಿ ಬಂಗಾಳದ ಏಷಿಯಾಟಿಕ್ ಸೊಸೈಟಿಯ ಮುಂದೆ ಬಂತು. ಕಾರ್ಯದರ್ಶಿ ಜೇಮ್ಸ್ ಪ್ರಿನ್ಸೆಪ್, ಬ್ರಾಹ್ಮಿ ಲಿಪಿ ಓದಿದ ಅದೇ ಪ್ರಿನ್ಸೆಪ್. ಇಂಥ ವಿಮರ್ಶೆಯ ಕೆಲಸಕ್ಕೆ ಈ ಮನುಷ್ಯನ ಯೋಗ್ಯತೆ ಸಾಲದು ಅನ್ನೋ ಅಭಿಪ್ರಾಯ ಬಂತು. ಕೆಲಸ ಮದ್ರಾಸಿನ ಪಾದ್ರಿ ವಿಲಿಯಂ ಟೇಲರ್ ಪಾಲಾಯ್ತು.

ತಮ್ಮ ರಾಮಸ್ವಾಮಿ ಅಷ್ಟು ಹೊತ್ತಿಗೆ ಬೇರೆ ದಾರಿ ಹಿಡಿದಾಗಿತ್ತು. ಯಾರ ಅಪ್ಪಣೆಗೂ ಕಾಯದೆ 1827ರಲ್ಲಿ ಕಲ್ಕತ್ತೆಯ ಕಲ್ಲಚ್ಚಿನ ಪ್ರೆಸ್ಸಿನಲ್ಲಿ ಪ್ರಾಚೀನ ದಖ್ಖನ್ನಿನ ಒಂದು ನಕಾಶೆ ಅಚ್ಚು ಹಾಕಿಸಿದ, ಮರುವರ್ಷ ಅದರಲ್ಲಿನ ಊರುಗಳ ವಿವರಕ್ಕೆ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೂ ತಂದ. ಎರಡರ ಮೇಲೂ ಹೆಸರು ಕಾವಲಿ ವೆಂಕಟ ರಾಮಸ್ವಾಮಿ ಅಂತ.